ಕ್ಲಚ್ ಹಿಡಿಯುವ ಜಾಗ

ಒಂದು ಹವಾಯಿ ಚಪ್ಪಲಿ, ಅದರ ಬೆನ್ನಿಗೆ ಇನ್ನೊಂದು, ಧೂಳು ಕುಡಿದ ಬೂಟು, ಸೀರೆಯ ಅಂಚಿನಡಿ ಬೆಳ್ಳಿಯ ಕಾಲುಂಗುರ, ಆಮೇಲೆ ಸೈಕಲ್ಲಿನ ಚಕ್ರ — ಜೀಪಿನ ಹೊಟ್ಟೆಯಡಿ ಬೆನ್ನು ಹಾಸಿ ಮಲಗಿದವನಿಗೆ ಸಿರ್ಸಿಯ ಯಲ್ಲಾಪುರ ರಸ್ತೆಯಲ್ಲಿ ಓಡಾಡುವ ಮನುಷ್ಯರಿಗೆ ಮುಖ ಇರುವುದಿಲ್ಲ, ಕಾಲು ಮಾತ್ರ, ಎಲ್ಲರಿಗೂ ಎರಡೆರಡು, ಎಷ್ಟು ಸಲೀಸಾಗಿ ಎರಡೆರಡು, ಒಬ್ಬನಾದರೂ ತನಗೆ ಎರಡೂ ಇವೆಯಲ್ಲ ಎಂದು ನೋಡಿಕೊಂಡು ನಡೆಯುವುದಿಲ್ಲವಲ್ಲ ಎಂದು ತಾರಿಕ್‌ಗೆ ಸಿಟ್ಟು ಬಂತು. ಬೆಳಗಿನಿಂದ ಅವನಿಗೆ ಸಿಟ್ಟು ತರಿಸದ ವಸ್ತು ಒಂದೂ ಸಿಕ್ಕಿಲ್ಲ, ಬೋಲ್ಟಿನಿಂದ ಪಾನಾ ಜಾರಿತು, ಪಾನಾದ ಮೇಲೆ ಸಿಟ್ಟು, ಗೆಣ್ಣು ತರಚಿತು, ಗೆಣ್ಣಿನ ಮೇಲೆ ಸಿಟ್ಟು, ಎದುರಿನ ಚಹಾ ಅಂಗಡಿಯ ರೇಡಿಯೋ ಸಿಟ್ಟು, ಇಂಥ ದಿನ ಇಷ್ಟು ಚಂದ ಬಿಸಿಲು ಬಿದ್ದದ್ದೂ ಸಿಟ್ಟೇ, ಆದರೆ ಗ್ರೀಸ್ ಗನ್ನಿನ ಮೂತಿಯನ್ನು ನಿಪ್ಪಲ್ಲಿಗೆ ಕೊಟ್ಟು ಒತ್ತುವಾಗ ಮಾತ್ರ ಕೈ ತನ್ನಷ್ಟಕ್ಕೆ ಮೆತ್ತಗಾಗುತ್ತದೆ, ಒತ್ತು, ನಿಲ್ಲು, ಒತ್ತು, ಕೀಲಿನ ಸಂದಿಯಿಂದ ಹಳೆಯ ಕಪ್ಪು ಗ್ರೀಸು ಹುಳದ ಹಾಗೆ ಹೊರಗೆ ಬರುತ್ತದೆ, ಅದರ ಹಿಂದೆ ಹೊಸ ಹಳದಿ ಗ್ರೀಸು, ಹೊಟ್ಟೆ ತುಂಬಿತಾ ಮುದುಕಿ, ಇನ್ನೊಂದು ತುತ್ತು, ಇವತ್ತು ಮರ್ಯಾದೆ ಉಳಿಸು. ಮುದುಕಿ ಎಂದು ಹೆಸರಿಟ್ಟವನು ಅವನಲ್ಲ, ಅವನ ಅಪ್ಪ ಸುಭಾನ್, ತೊಂಬತ್ತೊಂದರಲ್ಲಿ ಯಲ್ಲಾಪುರದ ನಾಟಾ ಗುತ್ತಿಗೆದಾರನೊಬ್ಬನಿಂದ ಈ ಜೀಪು ಮನೆಗೆ ಬಂದಾಗಲೇ ಇದಕ್ಕೆ ವಯಸ್ಸಾಗಿತ್ತು, ಕಾಡೊಳಗೆ ದಿಮ್ಮಿ ಎಳೆದೂ ಎಳೆದೂ ಮೈಯೆಲ್ಲ ಸಡಿಲ, ನಾಲ್ಕೂ ಚಕ್ರ ಎಳೆಯುವ ಗೇರು ಮಾತ್ರ ಕಲ್ಲಿನಂತಿತ್ತು, ಮನೆಯಲ್ಲಿ ಎಲ್ಲರೊಡನೆ ಉರ್ದುವಿನಲ್ಲಿ ಮಾತಾಡುವ ಅಬ್ಬಾ ಜೀಪಿನೊಡನೆ ಮಾತ್ರ ಕನ್ನಡ, ಯಾಕೆಂದು ಕೇಳಿದರೆ, ಇದು ಹುಲಗೋಳ ರಸ್ತೆಯಲ್ಲಿ ದುಡಿದ ಗಾಡಿ, ಇದಕ್ಕೆ ಉರ್ದು ಬರೂದಿಲ್ಲ ಅಂತ. ಆ ಅಬ್ಬಾ ಇವತ್ತು ಮಧ್ಯಾಹ್ನದ ನಮಾಜು ಮುಗಿಸಿ ಬರುತ್ತಾರೆ, ಬಂದು ಚಾಲಕನ ಸೀಟಿನಲ್ಲಿ ಒಂದು ಸಲ ಕೂರುತ್ತಾರೆ, ಎಡಗಾಲು ತೆಗೆಸಿಕೊಂಡ ಮೇಲೆ ಇದೇ ಮೊದಲು, ಇದೇ ಕೊನೆಯೂ ಆಗಬಹುದು, ಯಾಕೆಂದರೆ ಅವರು ಮೊನ್ನೆಯೇ ಹೇಳಿಯಾಗಿದೆ, ಒಂದು ಸಲ ಕೂತು ನೋಡ್ತೇನೆ, ಆಗದಿದ್ದರೆ ಇದು ನನ್ನ ಕಣ್ಣ ಮುಂದೆ ನಿಲ್ಲೂದು ಬೇಡ, ಹಾವೇರಿಯವನಿಗೆ ಕೊಟ್ಟುಬಿಡು.

ಹಾವೇರಿಯವನು, ಕೊಲ್ಹಾಪುರಿ ಚಪ್ಪಲಿಯವನು, ಹೋದ ವಾರ ಬಂದು ಬಾನೆಟ್ ಎತ್ತಿ ನೋಡಿ, ಇಂಜಿನ್ ಚಲೋ ಐತ್ರೀ, ಉಳಿದದ್ದೇನು ನನಗ ಬೇಕಾಗಿಲ್ರೀ ಅಂದ, ಕಬ್ಬಿನ ಗಾಣಕ್ಕೆ ಕೂಡಿಸುತ್ತಾನಂತೆ ಇಂಜಿನ್ನು, ಒಂದೇ ಕಡೆ ನೆಲಕ್ಕೆ ಬೋಲ್ಟು ಹಾಕಿ ಬಿಗಿದು, ದಿನವಿಡೀ ಗರಗರ ತಿರುಗಿಸುತ್ತ, ಉಳಿದದ್ದು ಅಂದರೆ ಈ ಸ್ಪ್ರಿಂಗ್ ಪಾಟಾ, ಈ ಹುಡ್ಡು, ಮಡಚುವ ಈ ಗಾಜು, ಅಬ್ಬಾನ ಬೆನ್ನಿನ ಆಕಾರಕ್ಕೆ ತಗ್ಗಿದ ಈ ಸೀಟು, ಎಲ್ಲ ಗುಜರಿಗೆ, ಇವತ್ತು ಸಂಜೆಗೆ ಬರ್ತೀನ್ರೀ ಅಂತ ಚಹಾ ಅಂಗಡಿಯ ಫೋನಿಗೆ ಹೇಳಿದ್ದಾನೆ — ಬರಲಿ, ಬಂದು ಬರಿಗೈಲಿ ಹೋಗಲಿ, ಎಂದು ತಾರಿಕ್ ಇನ್ನೊಂದು ನಿಪ್ಪಲ್ಲು ಹುಡುಕಿದ, ಒರೆಸಿದ, ಒತ್ತಿದ. ತಾನೇ ಓಡಿಸಬಹುದಿತ್ತಲ್ಲ, ಓಡಿಸಿದ್ದ ಕೂಡ, ಅಬ್ಬಾ ಹುಬ್ಬಳ್ಳಿಯ ಆಸ್ಪತ್ರೆಯಿಂದ ಬಂದ ಮೇಲೆ ಒಂದಷ್ಟು ದಿನ ಹುಲಗೋಳದ ಲೈನಿಗೆ ಹೋಗಿ ಬಂದ, ಜನ ಹತ್ತಿದರು, ಇಳಿದರು, ಯಾರೂ ದೂರಲಿಲ್ಲ, ಆದರೆ ಬೆಳಿಗ್ಗೆ ಅವನು ಸೆಲ್ಫು ಹೊಡೆದ ಕೂಡಲೇ ಒಳಗಿನ ಕೋಣೆಯಲ್ಲಿ ಅಬ್ಬಾ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಳ್ಳುತ್ತಾರೆ ಎಂದು ಅಮ್ಮಿ ಒಂದು ದಿನ ಹೇಳಿದಳು, ಹೇಳಬಾರದು ಅಂತಿದ್ದೆ ಅಂತಲೂ ಹೇಳಿದಳು, ಅವತ್ತಿನಿಂದ ಜೀಪು ನಿಂತಿತು, ಅವನು ಈ ಗ್ಯಾರೇಜಿನ ಕೆಲಸಕ್ಕೆ ಸೇರಿದ, ಅಬ್ಬಾ ಕಂಬಳಿ ಎಳೆದುಕೊಳ್ಳುವುದು ನಿಲ್ಲಿಸಿದರು, ಮಾತನ್ನೂ ನಿಲ್ಲಿಸಿದರು. ಉಂಡಿರಾ, ಹೂಂ. ಗುಳಿಗೆ ತಗೊಂಡಿರಾ, ಹೂಂ. ಜೀಪಿನಲ್ಲಿ ಹನ್ನೆರಡು ಜನರನ್ನು ತುಂಬಿಕೊಂಡು ಹನ್ನೆರಡು ಜನರೊಡನೆಯೂ ಬೇರೆ ಬೇರೆ ಮಾತಾಡಿಕೊಂಡು ಬರುತ್ತಿದ್ದ ಮನುಷ್ಯ.

ಹುಲಗೋಳದ ಸೀತಮ್ಮ ಹೆಗಡ್ತಿ, ಯಾವಾಗಲೂ ಮುಂದಿನ ಸೀಟೇ ಬೇಕು ಅನ್ನುವವರು, ಸಿಟಿ ಬಸ್ಸು ಬಂದ ಮೇಲೂ ಬಸ್ಸು ಹತ್ತದವರು, ಅವರದೊಂದು ಮಾತು ಆ ಲೈನಿಗೆಲ್ಲ ಗೊತ್ತು, ನಂಗೆ ಗಡಿಯಾರ ಬೇಡ ಮಾರಾಯಾ, ಸುಭಾನನ ಜೀಪು ಆಚೆ ತಿರುವಲ್ಲೇ ಕೇಳ್ತು, ಆನು ಸೀರೆ ಉಟ್ಕಂಡು ಗೇಟಿಗೆ ಬರೂದೂ ಇದು ಬಂದು ನಿಲ್ಲೂದೂ ಸರಿಯಾಗ್ತು — ಅಷ್ಟು ಸದ್ದು, ನಿಜ, ಪಾಟಾ ಕಿರಗುಡುತ್ತಿತ್ತು, ಹಿಂದಿನ ಬಾಗಿಲಿನ ಕೊಂಡಿ ಗಿಲಿಗಿಲಿ, ಗೇರಿನ ಕೋಲು ಕಟಕಟ, ಹುಡ್ಡಿನ ಕಂಬಿ ಬೇರೆ, ಅಬ್ಬಾ ನಗುತ್ತ, ಮುದುಕಿ ಬಾಯಿ ಮುಚ್ಚೂದಿಲ್ರೀ ಅಮ್ಮಾ, ಏನು ಮಾಡೂದು ಅನ್ನುತ್ತಿದ್ದರು, ಅಮ್ಮಾ ಅನ್ನುತ್ತಿದ್ದರು ಸೀತಮ್ಮನಿಗೆ, ಅವರೂ ಅಬ್ಬಾನನ್ನು ಏಕವಚನದಲ್ಲೇ ಕರೆದು ಮನೆಯ ಮಾವಿನಮಿಡಿ ಕಟ್ಟಿಕೊಡುತ್ತಿದ್ದರು. ಆದರೆ ಶಾಲೆಯ ಎದುರು ಆ ಸದ್ದು ಬೇರೆಯೇ, ಒಂಬತ್ತನೇ ಕ್ಲಾಸಿನ ಕಿಟಕಿಯಿಂದ ಹುಡುಗರು, ಡಬ್ಬಾ ಬಂತು ಡಬ್ಬಾ, ತಾರಿಕ್ ನಿನ್ನ ಡಬ್ಬಾ ಬಂತು, ಗಣಿತದ ಮಾಸ್ತರರೂ ನಕ್ಕರು, ಕೂತ್ಕೊಂಡು ಎಂತ ಮಾಡ್ತೀಯಾ, ಹೋಗಿ ಹಿಂದೆ ನೇತಾಡು ಅಂದರು, ಕಂಪಾಸ್ ಪೆಟ್ಟಿಗೆ ಗೋಡೆಗೆ ಬಡಿದು ತೆರೆದುಕೊಂಡ ಸದ್ದು ಈಗಲೂ ಕಿವಿಯಲ್ಲಿದೆ, ಎಸೆದದ್ದು ತಾನೇ, ಸೀದಾ ಹೊರಗೆ ನಡೆದು ಜೀಪು ಹತ್ತಿದ್ದು, ಅಬ್ಬಾ ಬೈಯುತ್ತಾರೆ ಅಂದುಕೊಂಡಿದ್ದ, ಹೊಡೆಯುತ್ತಾರೆ ಅಂದುಕೊಂಡಿದ್ದ, ಅವರು ಒಂದಷ್ಟು ಹೊತ್ತು ಅವನನ್ನೇ ನೋಡಿ ಸೀಟಿನಡಿಯಿಂದ ಗ್ರೀಸ್ ಗನ್ನು ತೆಗೆದು ಕೈಗೆ ಕೊಟ್ಟರು, ಅಷ್ಟೇ, ಆ ಮೇಲೆ ಶಾಲೆ ಇಲ್ಲ. ಅವತ್ತೇ ಮನಸ್ಸಿನಲ್ಲಿ ಆಣೆ ಇಟ್ಟುಕೊಂಡಿದ್ದ, ಒಂದಲ್ಲ ಒಂದು ದಿನ ಈ ಗಾಡಿಯ ಬಾಯಿ ಮುಚ್ಚಿಸುತ್ತೇನೆ, ಶಾಲೆಯ ಮುಂದೆ ಹೋದರೆ ಹೋದದ್ದೇ ತಿಳಿಯಬಾರದು, ಹೊಸ ಕಾರಿನ ಹಾಗೆ.

ಮುಚ್ಚಿಸಿಯೂ ಆಯಿತು, ಈ ಎರಡು ತಿಂಗಳಲ್ಲಿ, ಗ್ಯಾರೇಜಿನ ಕೆಲಸ ಮುಗಿದ ಮೇಲೆ, ರಜೆಯ ದಿನಗಳಲ್ಲಿ, ಒಂದೊಂದೇ. ಪಾಟಾ ಬಿಚ್ಚಿ ತುಕ್ಕು ತಿಕ್ಕಿ ಎಲೆ ಎಲೆಗೂ ಗ್ರೀಸು ಸವರಿ ಹೊಸ ಬುಶ್ಶು ಹೊಡೆದ, ಇಂಜಿನ್ನು ಕೂರುವ ಫೌಂಡೇಶನ್ ರಬ್ಬರು ಒಣಗಿ ಕಲ್ಲಾಗಿತ್ತು, ಹೊಸತು, ಬಾಗಿಲ ಕೊಂಡಿಗೆ ಸೈಕಲ್ ಟ್ಯೂಬಿನ ತುಂಡು, ಹುಡ್ಡಿನ ಕಂಬಿಗೆ ಬಟ್ಟೆ ಸುತ್ತಿದ, ಸೈಲೆನ್ಸರಿನ ತೂತಿಗೆ ವೆಲ್ಡು, ಕಾಲಡಿಯ ತಗಡಿಗೆ ದಪ್ಪ ಮ್ಯಾಟು, ಗೇರಿನ ಕೋಲು ಬುಡದಲ್ಲಿ ಲಡಲಡ ಅಲುಗುತ್ತಿತ್ತು, ಬುಡದ ಮುಚ್ಚಳ ಬಿಚ್ಚಿ ಸವೆದ ಬುಶ್ಶು ಕಿತ್ತೆಸೆದು ಹೊಸ ರಬ್ಬರು ಕೂರಿಸಿದ, ತುದಿಯ ಗುಂಡು ಸೀಳುಬಿಟ್ಟಿತ್ತು, ಅದನ್ನೂ ಎಸೆದು ಹುಬ್ಬಳ್ಳಿಯಿಂದ ತರಿಸಿದ ಮೆತ್ತನೆಯ ಸ್ಪಂಜಿನ ಗುಂಡು ತಿರುಚಿದ, ಅಬ್ಬಾನ ಕೈಗೆ ನೋವಾಗಬಾರದು. ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಕ್ಲಚ್ಚಿನ ಪೆಡಲು, ಅದೊಂದೇ ಅಬ್ಬಾನಿಗಾಗಿ ಹೊಸದಾಗಿ ಮಾಡಿದ್ದು, ತೆಗೆದ ಕಾಲಿನ ಜಾಗಕ್ಕೆ ಹಾಕಿಸಿದ ಜೈಪುರ ಕಾಲು ರಬ್ಬರಿನದು, ಪೆಡಲಿನ ಮೇಲಿಟ್ಟರೆ ಜಾರುತ್ತದೆ, ಜಾರಿದ್ದು ಕಾಲಿಗೆ ತಿಳಿಯುವುದಿಲ್ಲ, ಅದಕ್ಕೆ ಪೆಡಲನ್ನು ಅಂಗೈಯಷ್ಟು ಅಗಲ ಮಾಡಿ ಮೂರು ಬದಿಗೆ ಕಬ್ಬಿಣದ ಅಂಚು ಕಟ್ಟಿ, ಒಳಗೆ ಹಳೆ ಟೈರಿನ ಗೀರುಳ್ಳ ತುಂಡು ಹಾಸಿ, ಮೊದಲು ರಟ್ಟಿನಲ್ಲಿ ಕತ್ತರಿಸಿ, ಅಬ್ಬಾ ಮಲಗಿದ್ದಾಗ ಮಂಚದ ಕೆಳಗೆ ನಿಲ್ಲಿಸಿಟ್ಟ ಆ ಕಾಲಿನ ಅಡಿಗೆ ಹಿಡಿದು ಅಳತೆ ನೋಡಿ, ಕಳ್ಳನ ಹಾಗೆ.

ಆ ಕಾಲು. ಮಂಚದ ಕೆಳಗೆ ಗೋಡೆಗೆ ಒರಗಿ ನಿಂತ ಕಾಲು, ಕಂದು ರಬ್ಬರು, ಐದು ಬೆರಳು ಬಿಡಿಸಿದ್ದಾರೆ, ಉಗುರಿನ ಗೆರೆ ಕೂಡ ಇದೆ, ಅಬ್ಬಾನ ಬಣ್ಣಕ್ಕಿಂತ ಒಂದು ಕೂದಲಷ್ಟು ಕೆಂಪು, ಯಾವನ ಬಣ್ಣವೋ, ಅದನ್ನು ಕಂಡರೆ ಅವನಿಗೆ ಸಿಟ್ಟು, ಸಿಟ್ಟು ಯಾರ ಮೇಲೆ, ಆ ಪಿನ್ನಿನ ಮೇಲೆ, ಹವಾಯಿ ಚಪ್ಪಲಿಯ ಬಾರು ಕಿತ್ತರೆ ಸಿರ್ಸಿಯಲ್ಲಿ ಎಲ್ಲರೂ ಮಾಡುವ ಕೆಲಸ, ಅಡಿಯಿಂದ ಒಂದು ಪಿನ್ನು ಚುಚ್ಚಿ ಬಾರು ನಿಲ್ಲಿಸುವುದು, ಅಬ್ಬಾನೂ ಮಾಡಿದ್ದರು, ಪಿನ್ನು ಬಾಯಿ ಬಿಟ್ಟು ಪಾದಕ್ಕೆ ಚುಚ್ಚಿಕೊಂಡಿತ್ತು, ಚುಚ್ಚಿಕೊಂಡೇ ಅವರು ಹುಲಗೋಳಕ್ಕೆ ಹೋಗಿ ಬಂದಿದ್ದರು, ಮಾರನೇ ದಿನವೂ, ಸಕ್ಕರೆ ಕಾಯಿಲೆಯ ಕಾಲು, ರಕ್ತವನ್ನು ಮೊದಲು ಕಂಡವಳು ನೆಲ ಒರೆಸುತ್ತಿದ್ದ ಅಮ್ಮಿ, ಆ ಹೊತ್ತಿಗೆ ಬೆರಳು ಕಪ್ಪಾಗಿತ್ತು, ಹುಬ್ಬಳ್ಳಿಯಲ್ಲಿ ಮೊದಲು ಬೆರಳು ಅಂದರು, ಆಮೇಲೆ ಪಾದ ಅಂದರು, ಆಮೇಲೆ ಮೊಣಕಾಲಿನ ಕೆಳಗೆ ಅಂದರು. ಒಂದು ಪಿನ್ನು ಮುಚ್ಚಿದ್ದರೆ ಇಷ್ಟೆಲ್ಲ ಇಲ್ಲ. ಸಾಕು, ಗ್ರೀಸು ಮುಗಿಯಿತು, ಜೀಪಿನಡಿಯಿಂದ ಕಾಣುವ ರಸ್ತೆಯಲ್ಲಿ ಅಮ್ಮಿಯ ಬುರ್ಖಾದ ಅಂಚು, ಅದರ ಪಕ್ಕದಲ್ಲಿ ಒಂದು ಚಪ್ಪಲಿಯ ಕಾಲು, ಇನ್ನೊಂದು ಚಪ್ಪಲಿಯ ಕಾಲು, ಎಡದ್ದು ನೆಲಕ್ಕೆ ತಾಗುವಾಗ ಟಕ್ಕೆಂದು ಒಂದು ಸಣ್ಣ ಸದ್ದು, ಬಂದರು.

ನಡಿಗೆ ಚೆನ್ನಾಗಿಯೇ ಇದೆ, ಬೆತ್ತ ಬಿಟ್ಟಿದ್ದಾರೆ, ಬಿಳಿ ಅಂಗಿ, ನಮಾಜಿನ ಟೋಪಿ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡರು, ಹೊಸ ಪೆಡಲು ನೋಡಿದರು, ಬಗ್ಗಿ ಅಂಚನ್ನು ಬೆರಳಿನಿಂದ ಸವರಿದರು, ತಾರಿಕ್‌ನ ತರಚಿದ ಗೆಣ್ಣು ನೋಡಿದರು, ಅಮ್ಮಿ ಹಿಂದೆ ಹತ್ತಿ ಕೂತಳು, ಮೊಮ್ಮಗುವಿನ ನಾಮಕರಣಕ್ಕೆ ಹೊರಟವಳ ಹಾಗೆ ಮಡಿಲಲ್ಲಿ ಡಬ್ಬಿ, ಬಾಟಲಿ ನೀರು, ತಾರಿಕ್ ಗಾಡಿಯನ್ನು ಗ್ಯಾರೇಜು ಬಳಸಿ ಹಿಂದಿನ ಬಯಲಿಗೆ ತಂದು ನಿಲ್ಲಿಸಿದ, ಕ್ರಿಕೆಟ್ ಆಡುವ ಬಯಲು, ಈ ಹೊತ್ತಿನಲ್ಲಿ ಎರಡು ದನ ಬಿಟ್ಟರೆ ಯಾರೂ ಇಲ್ಲ, ಬೇಕೆಂದೇ ಆರಿಸಿದ್ದು, ಅವನು ಎಡದ ಸೀಟಿಗೆ ಸರಿದ, ಅಬ್ಬಾ ಬಲಗಡೆಯಿಂದ ಹತ್ತಿದರು. ಸೀಟು ಅವರ ಬೆನ್ನನ್ನು ಗುರುತು ಹಿಡಿಯಿತು. ಸೆಲ್ಫು ಹೊಡೆದರು, ಮುದುಕಿ ಒಂದೇ ಸಲಕ್ಕೆ ಎದ್ದಳು, ಎಷ್ಟು ಮೆತ್ತಗೆ, ಹುಲಿಯಂಥ ಇಂಜಿನ್ನು ಬೆಕ್ಕಿನ ಹಾಗೆ, ತಾರಿಕ್‌ನ ಎದೆ ಉಬ್ಬಿತು, ಅಬ್ಬಾ ಅವನ ಕಡೆ ನೋಡಿ ಹುಬ್ಬು ಎತ್ತಿದರು, ಮೆಚ್ಚಿದರು, ಹೌದು, ಮೆಚ್ಚಿದರು, ರಬ್ಬರಿನ ಕಾಲು ಅಂಚಿನೊಳಗೆ ಸರಿಯಾಗಿ ಕೂತಿತು, ಕ್ಲಚ್ಚು ನೆಲದವರೆಗೆ ಇಳಿಯಿತು, ಮೊದಲ ಗೇರು ಬಿತ್ತು, ಈಗ ಬಿಡಬೇಕು, ಮೆಲ್ಲಗೆ ಬಿಡಬೇಕು, ಕ್ಲಚ್ಚು ಹಿಡಿಯುವ ಜಾಗದಲ್ಲಿ ಒಂದು ಕ್ಷಣ ತಡೆದು ಬಿಡಬೇಕು, ಅಷ್ಟೇ, ಇಪ್ಪತ್ತು ವರ್ಷ ಮಾಡಿದ ಕೆಲಸ — ಜೀಪು ಮುಂದಕ್ಕೆ ಹಾರಿ ನಿಂತಿತು, ಇಂಜಿನ್ನು ಬಂದ್, ಅಮ್ಮಿಯ ಡಬ್ಬಿ ಉರುಳಿತು.

ಮತ್ತೆ, ಮತ್ತೆ ಹಾರಿತು. ಮತ್ತೆ, ಈ ಸಲ ಆಕ್ಸಿಲರೇಟರು ಜಾಸ್ತಿ ಕೊಟ್ಟರು, ಇಂಜಿನ್ನು ಅರಚಿತು, ಕ್ಲಚ್ಚು ಸುಟ್ಟ ವಾಸನೆ, ದನಗಳು ಓಡಿದವು, ಬಂದ್. ತಾರಿಕ್ ಹೇಳಿಕೊಟ್ಟ, ಅಬ್ಬಾನಿಗೆ ತಾನು ಹೇಳಿಕೊಡುವುದು, ಈಗ ಬಿಡಿ, ಈಗ ತಡೀರಿ, ಸ್ವಲ್ಪ, ಇನ್ನೂ ಸ್ವಲ್ಪ, ಅವನ ಬಾಯಿಂದ ಮಾತು ಬರುವ ಹೊತ್ತಿಗೆ ಜಾಗ ದಾಟಿಹೋಗಿರುತ್ತಿತ್ತು, ಬಗ್ಗಿ ನೋಡಿದರೆ ಕಾಲು ಕಾಣುತ್ತಿತ್ತು, ರಬ್ಬರಿನ ಹಿಮ್ಮಡಿ, ಅದು ಸ್ಪ್ರಿಂಗಿನ ಹಾಗೆ ಪಟ್ಟನೆ ಮೇಲಕ್ಕೆ ಬರುತ್ತಿತ್ತು, ಯಾರೋ ಅಡಿಯಿಂದ ಒದ್ದಂತೆ, ಅದಕ್ಕೆ ಮೆಲ್ಲಗೆ ಅಂದರೆ ಏನೆಂದೇ ಗೊತ್ತಿಲ್ಲ, ಐದು ಬೆರಳು ನೆಟ್ಟಗೆ ಎದುರು ನೋಡುತ್ತ ಕೂತಿವೆ, ಅವಕ್ಕೂ ಈ ಗಾಡಿಗೂ ಸಂಬಂಧವೇ ಇಲ್ಲ. ಕೊನೆಯ ಸಲ ಕಾಲು ಅಂಚಿನಿಂದ ಹೊರಗೆ ಬಂದು ಬಾಗಿಲ ಕಡೆ ತಿರುಗಿ ಬಿತ್ತು, ಮುನಿಸಿಕೊಂಡ ಮಗುವಿನ ಮುಖದ ಹಾಗೆ, ಅದು ಬಿದ್ದದ್ದು ಅಬ್ಬಾನಿಗೆ ತಿಳಿಯಲಿಲ್ಲ, ಇನ್ನೂ ಪೆಡಲಿನ ಮೇಲಿದೆ ಎಂದುಕೊಂಡು ಅವರು ಮುಂದೆ ನೋಡುತ್ತಲೇ ಇದ್ದರು, ತಾರಿಕ್ ಅದನ್ನು ನೋಡಿದ, ನೋಡಬಾರದಿತ್ತು. ಬೀಗದ ಕೈ ತಿರುಗಿಸಿ ಬಂದ್ ಮಾಡಿ ಅಬ್ಬಾ ಹೇಳಿದರು, ಮೆತ್ತಗೆ, ಚೆನ್ನಾಗಿ ಮಾಡಿದ್ದಿ ಬೇಟಾ, ಪೆಡಲು ಚೆನ್ನಾಗಿದೆ, ಆದರೆ ಕ್ಲಚ್ಚು ಹಿಡಿಯೂದು ನನಗೆ ತಿಳಿಯೂದಿಲ್ಲ, ಹಾವೇರಿಯವನು ಎಷ್ಟು ಹೊತ್ತಿಗೆ ಬರ್ತಾನೆ.

ತಲೆಯೊಳಗೆ ಏನೋ ಒಡೆಯಿತು, ಕಂಪಾಸ್ ಪೆಟ್ಟಿಗೆಯೋ ಏನೋ, ತಾರಿಕ್ ಕೂಗಲಿಲ್ಲ, ಕೂಗಿದಂತೆ ಅನಿಸಿತು, ಕೇಳಿದ್ದು ಇಷ್ಟೇ, ಮೊದಲು ಹೇಗೆ ತಿಳೀತಿತ್ತು, ಮೊದಲು ನಿಮ್ಮ ಕಾಲಿತ್ತು, ಈಗಿಲ್ಲ, ಅದಕ್ಕೆ ನಾನೇನು ಮಾಡಲಿ, ಇನ್ನೇನು ಮಾಡಲಿ ಹೇಳಿ. ಅಬ್ಬಾ ಅವನನ್ನು ನೋಡಲಿಲ್ಲ, ಗಾಜಿನಾಚೆ ದನಗಳನ್ನು ನೋಡುತ್ತ, ಕಾಲು ತೆಗೆದದ್ದು ಹೋದ ವರ್ಷ, ಅದಕ್ಕೆ ಏನೂ ತಿಳಿಯದಾಗಿ ಭಾಳ ದಿನ ಆಗಿತ್ತು ಬೇಟಾ, ನೆಲ ತಾಗೂದೂ ತಿಳೀತಿರಲಿಲ್ಲ, ನಿಮ್ಮಮ್ಮಿಗೂ ಹೇಳಿರಲಿಲ್ಲ, ಹೇಳಿದ್ದರೆ ಗಾಡಿ ಬಿಡಿಸ್ತಿದ್ರಿ ಅಂದರು. ಹಿಂದಿನಿಂದ ಅಮ್ಮಿ, ಉರುಳಿದ ಡಬ್ಬಿಯ ಮುಚ್ಚಳ ಒತ್ತುತ್ತ, ನೀವು ಹೇಳಬೇಕಿತ್ತಾ, ಎಡಗಾಲಿನ ಚಪ್ಪಲಿ ಗಾಡಿಯಲ್ಲೇ ಬಿದ್ದಿದ್ದರೂ ತಿಳಿಯದೆ ಬರಿಗಾಲಲ್ಲಿ ಮನೆಯೊಳಗೆ ಬರ್ತಿದ್ರಿ, ದಿನಾ ಸಂಜೆ ಹೋಗಿ ಅದನ್ನು ತರ್ತಿದ್ದವಳು ಯಾರು, ನಾನು ಕುರುಡಿ ಅಂದ್ಕೊಂಡ್ರಾ — ಅಂದಳು, ಜಗಳದ ದನಿಯಲ್ಲೇ, ಅಬ್ಬಾ ಮೊದಲ ಸಲ ಹಿಂದಕ್ಕೆ ತಿರುಗಿದರು, ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಸಿಕ್ಕಿಬಿದ್ದ ಕಳ್ಳರ ಹಾಗೆ, ತಾರಿಕ್‌ನ ಸಿಟ್ಟಿಗೆ ಅಲ್ಲಿ ನಿಲ್ಲಲು ಜಾಗವಿಲ್ಲ. ಹಾಗಾದರೆ, ಕಾಲಿಗೆ ಆಗಲೇ ಗೊತ್ತಾಗುತ್ತಿರಲಿಲ್ಲವಾದರೆ, ಆ ಏರು, ಆ ಕೆಸರು, ಹನ್ನೆರಡು ಜನ, ಸೀತಮ್ಮನ ಗೇಟಿನೆದುರಿನ ಚಡಾವಿನಲ್ಲಿ ನಿಲ್ಲಿಸಿ ಒಂದು ಅಂಗುಲ ಹಿಂದಕ್ಕೆ ಜಾರದಂತೆ ಎತ್ತುತ್ತಿದ್ದದ್ದು, ಯಾವುದರಿಂದ, ಹೇಗೆ ಓಡಿಸ್ತಿದ್ರಿ ಅಂದ. ಗೊತ್ತಿಲ್ಲ, ತಿಳೀತಿತ್ತು ಅಷ್ಟೇ ಅಂದರು ಅಬ್ಬಾ, ನಿಜವಾಗಿಯೂ ಗೊತ್ತಿಲ್ಲದವರ ಹಾಗೆ. ಅಮ್ಮಿ ಮಾತು ಬದಲಿಸಲಿಕ್ಕೆಂದೋ ಏನೋ, ಮಗನ ಬೆನ್ನು ಸವರಿ ಸಮಾಧಾನ ಮಾಡುವವಳ ಹಾಗೆ, ಎಷ್ಟು ಆರಾಮ ಮಾಡಿದ್ದಾನೆ ನೋಡಿ ಗಾಡಿ, ಮೊದಲು ಕೂತರೆ ಹಲ್ಲೆಲ್ಲ ಅಲುಗ್ತಿತ್ತು, ಈಗ ನಡುಕವೇ ಇಲ್ಲ ಅಂದಳು.

ನಡುಕವೇ ಇಲ್ಲ. ತಾರಿಕ್ ಕೈ ನೋಡಿದ, ಅಬ್ಬಾನ ಎಡಗೈ, ಇಂಜಿನ್ನು ಬಂದಾದ ಮೇಲೂ ಗೇರಿನ ಗುಂಡಿನ ಮೇಲೇ ಮಲಗಿದ್ದ ಕೈ, ಸ್ಪಂಜನ್ನು ಅಂಗೈಯಿಂದ ಒತ್ತುತ್ತಿದೆ, ಬಿಡುತ್ತಿದೆ, ಒತ್ತುತ್ತಿದೆ, ಏನನ್ನೋ ಹುಡುಕುವ ಹಾಗೆ, ಕತ್ತಲಲ್ಲಿ ಬೆಂಕಿಪೆಟ್ಟಿಗೆ ತಡಕುವ ಹಾಗೆ. ಆ ಕೈ ಯಾವಾಗಲೂ ಅಲ್ಲೇ ಇರುತ್ತಿತ್ತಲ್ಲ, ಗೇರು ಹಾಕಿಯಾದ ಮೇಲೂ ತೆಗೆಯುತ್ತಿರಲಿಲ್ಲ, ಕ್ಲಚ್ಚು ಹಿಡಿಯುವ ಹೊತ್ತಿಗೆ ಕೋಲು ಕಟಕಟ ಅನ್ನುತ್ತಿದ್ದದ್ದು ಒಮ್ಮೆಗೆ ದನಿ ಬದಲಿಸುತ್ತಿತ್ತು, ನಡುಕ ಸಣ್ಣದಾಗಿ ಬಿಗಿಯಾಗುತ್ತಿತ್ತು, ತಾನೂ ಕೈ ಇಟ್ಟವನೇ, ತನಗೂ ಗೊತ್ತಿತ್ತು, ಗೊತ್ತಿದ್ದೂ ಕಾಲಿರುವವನಿಗೆ ಅದು ಬೇಕಾಗಿರಲಿಲ್ಲ. ಆ ಕಟಕಟವನ್ನು ಕಿತ್ತು ಎಸೆದವನು ಯಾರು. ಅದರ ಮೇಲೆ ರಬ್ಬರು ತುರುಕಿ, ಅದರ ಮೇಲೆ ಸ್ಪಂಜು ಹಾಕಿ, ಎರಡು ತಿಂಗಳು ಶಾಲೆಯ ಕಾಲದ ಸಿಟ್ಟನ್ನೆಲ್ಲ ತೀರಿಸಿಕೊಂಡು, ಅಬ್ಬಾನಿಗೆ ಕ್ಲಚ್ಚಿಗೆ ಉಳಿದಿದ್ದ ಒಂದೇ ಒಂದು ಕಾಲಿನ ಬಾಯಿ ಮುಚ್ಚಿಸಿದವನು ಯಾರು — ಇಳೀಬೇಡಿ, ಕೂತೇ ಇರಿ, ಅಂದ, ಜಿಗಿದು ಓಡಿದ, ಗ್ಯಾರೇಜಿನಿಂದ ಪಾನಾ ಹಿಡಿದು ಓಡಿಬಂದ, ಮ್ಯಾಟು ಎಳೆದು ಬಯಲಿಗೆ ಎಸೆದ, ಗುಂಡನ್ನು ತಿರುಚಿ ಕಿತ್ತು ಎಸೆದ, ಅದು ಪುಟಿದುಹೋಯಿತು, ಬುಡದ ಮುಚ್ಚಳದ ಬೋಲ್ಟು ಬಿಚ್ಚಿ ಹೊಸ ರಬ್ಬರನ್ನು ಸ್ಕ್ರೂಡ್ರೈವರಿನಿಂದ ಮೀಟಿದ, ಬರಲಿಲ್ಲ, ಎಷ್ಟು ಚೆನ್ನಾಗಿ ಕೂರಿಸಿದ್ದೆ ಹಾಳಾದವನೇ, ಇಕ್ಕಳದಿಂದ ಹಿಡಿದು ಎಳೆದ, ಹರಿದು ಹರಿದು ಬಂತು, ಹಲ್ಲು ಕೀಳುವವನ ಹಾಗೆ ಬೆವರುತ್ತಿದ್ದ, ಅಬ್ಬಾ ಏನೂ ಅರ್ಥವಾಗದೆ, ಏನು ಮಾಡ್ತಿ ಬೇಟಾ, ಹೊಸ ಸಾಮಾನು ಅಂದರು, ಹಳೇ ಬುಶ್ಶು ಗುಜರಿಗೆ ಹೋಗಿಯಾಗಿದೆ, ಹೋಗಲಿ, ಬುಶ್ಶೇ ಬೇಡ, ಮುಚ್ಚಳ ಅರ್ಧ ಬಿಗಿದ, ಕೋಲು ಲಡ್ಡೆಂದು ಅವನ ಕೈಯಲ್ಲಿ ಅಲ್ಲಾಡಿತು, ತುದಿಯಲ್ಲಿ ಗುಂಡೂ ಇಲ್ಲ, ಬರೀ ಕಬ್ಬಿಣದ ತಿರುಪು.

ಈಗ ಸೆಲ್ಫು ಹೊಡೀರಿ ಅಂದ. ಹೊಡೆದರು. ಕೋಲು ಮಾತಾಡಿತು, ಕಟಕಟಕಟ, ಡಬ್ಬಾ ಬಂತು ಡಬ್ಬಾ, ಬಯಲಿಗೆಲ್ಲ ಕೇಳುವ ಹಾಗೆ, ಬೇಕಾದರೆ ಶಾಲೆಗೂ ಕೇಳಲಿ, ಅಬ್ಬಾ ಅಂಗೈಯನ್ನು ಬರಿಯ ಕಬ್ಬಿಣದ ಮೇಲಿಟ್ಟರು, ಚುಚ್ಚುತ್ತದೆ, ಬಟ್ಟೆ ಕೊಡಲಾ ಅಂದ ತಾರಿಕ್, ಬೇಡ ಅಂದರು, ಕಣ್ಣು ಸ್ವಲ್ಪ ಸಣ್ಣದಾಯಿತು, ತಲೆ ಓರೆಯಾಯಿತು, ಬಹಳ ದೂರದಲ್ಲಿ ಯಾರೋ ತನ್ನ ಹೆಸರು ಹಿಡಿದು ಕರೆದರೋ ಇಲ್ಲವೋ ಎಂದು ಆಲಿಸುವವರ ಹಾಗೆ, ಆಮೇಲೆ ಕನ್ನಡದಲ್ಲಿ, ಅವನಿಗಲ್ಲ, ಅಮ್ಮಿಗೂ ಅಲ್ಲ, ಎಲ್ಲಿ ಹೋಗಿದ್ಯೇ ಮುದುಕಿ ಅಂದರು. ಇಷ್ಟು ದಿನದಲ್ಲಿ ಜೀಪಿನೊಡನೆ ಅವರು ಆಡಿದ ಮೊದಲ ಮಾತು. ತಾರಿಕ್ ಅವರ ಮುಖ ನೋಡಲಾರದೆ ಬಗ್ಗಿದ, ಎಡದ ಸೀಟಿನಿಂದ ಕತ್ತು ಬಾಗಿಸಿದರೆ ಕಾಣುವುದು ಅದೊಂದೇ, ಅಗಲದ ಪೆಡಲು, ಅಂಚಿನೊಳಗೆ ಆ ಕಾಲು, ಯಾವನದೋ ಬಣ್ಣದ ಕಾಲು, ನೆಲದವರೆಗೆ ಇಳಿದಿದೆ, ಗೇರು ಬಿತ್ತು, ಮೇಲೆ ಕೋಲಿನ ಕಟಕಟ, ಹಿಂದೆ ಅಮ್ಮಿ ತುಟಿಯಲ್ಲೇ ಏನೋ ಪ್ರಾರ್ಥನೆ ಓದಿಕೊಳ್ಳುತ್ತಿದ್ದಾಳೆ, ರಸ್ತೆಯ ಕಡೆ ಯಾರೋ ಹಾರ್ನ್ ಮಾಡುತ್ತಿದ್ದಾರೆ, ಹಾವೇರಿಯವನೇ ಇರಬಹುದು, ಇರಲಿ, ಕಾಯಲಿ, ಕಟಕಟ ಸಣ್ಣದಾಗುತ್ತಿದೆ, ಬಿಗಿಯಾಗುತ್ತಿದೆ, ಹಿಮ್ಮಡಿ ಮೇಲೇಳುತ್ತಿದೆ, ಪಟ್ಟನೆ ಅಲ್ಲ, ಒದ್ದಂತೆ ಅಲ್ಲ, ನಿಂತಿತು, ಅಲ್ಲೇ ನಿಂತಿತು, ಬಾನೆಟ್ಟು ಒಂದು ಬೆರಳಷ್ಟು ಎದ್ದಿತು, ಕಾಲಿನಡಿಯ ತಗಡಿನ ಸಂದಿಯಲ್ಲಿ ಹುಲ್ಲು ಹಿಂದಕ್ಕೆ ಸರಿಯತೊಡಗಿತು, ಒಂದು ಗರಿಕೆ, ಇನ್ನೊಂದು ಗರಿಕೆ, ಒಂದು ಕಲ್ಲು, ಆದರೆ ಅವನಿಗೆ ಹುಲ್ಲು ಬೇಡ, ಕಾಲು, ಆ ಹಿಮ್ಮಡಿ, ಕಂದು ರಬ್ಬರಿನ ಹಿಮ್ಮಡಿ, ಮತ್ತೆ ಮೇಲೇಳುತ್ತಿದೆ, ಮೆಲ್ಲಗೆ, ಮಲಗಿದ ಮಗುವಿನ ಪಕ್ಕದಿಂದ ಏಳುವವರ ಹಾಗೆ, ಮೆಲ್ಲಗೆ, ಹಿಮ್ಮಡಿ, ಮೆಲ್ಲಗೆ —